ಕಳಚದ ಕಪ್ಪು

ಟೋಂಗಾದ ಆ ಪುಟ್ಟ ದ್ವೀಪದಲ್ಲಿ, ತೊಗಟೆ ಬಡಿಯುವ ಚಪ್ಪರದಲ್ಲಿ ಬೆಳಗಿನಿಂದ ಕೊಡತಿಗಳ ಸದ್ದು ನಡೆದೇ ಇತ್ತು. ಉದ್ದನೆಯ ಮರದ ದಿಮ್ಮಿಯ ಮುಂದೆ ಹೆಂಗಸರು ಸಾಲಾಗಿ ಕೂತು, ನೆನೆಸಿಟ್ಟ ಹಿಯಾಪೋ ಗಿಡದ ತೊಗಟೆಯನ್ನು ಬಡಿದು ಬಡಿದು ಬಟ್ಟೆಯಷ್ಟು ತೆಳ್ಳಗೆ ಮಾಡುತ್ತಿದ್ದರು. ಒಬ್ಬಳ ಪೆಟ್ಟು ಏಳುವಾಗ ಇನ್ನೊಬ್ಬಳದು ಬೀಳಬೇಕು. ಹಾಗೆ ಬಿದ್ದರೆ ಸದ್ದು ಒಂದೇ ಕೈಯಿಂದ ಬಂದ ಹಾಗೆ ಕೇಳುತ್ತದೆ. ಈಚೆಗೆ ಫುಸಿಯ ಪೆಟ್ಟು ಮಾತ್ರ ತಡವಾಗಿ ಬಿದ್ದು, ಹಾಡಿನ ನಡುವೆ ಕೆಮ್ಮಿದ ಹಾಗೆ ಆಗುತ್ತಿತ್ತು.

"ಏನೇ ಫುಸಿ, ನಿನ್ನ ಕೊಡತಿಗೂ ಮಂಡಿನೋವಾ?" ಎಂದಳು ಸಿಯು. ಅವಳು ಆ ಚಪ್ಪರದ ಬಾಯಿ. ಅವಳು ಬಾರದ ದಿನ ಕೆಲಸ ಬೇಗ ಮುಗಿಯುತ್ತಿತ್ತು, ಆದರೆ ಅಂಥ ದಿನ ಯಾರಿಗೂ ಬೇಕಿರಲಿಲ್ಲ.

"ನಿನ್ನ ನಾಲಿಗೆಗೆ ಬರಲಿ ಅಂತ ಬೇಡ್ಕೊಂಡಿದ್ದೆ, ದಾರಿ ತಪ್ಪಿ ಇಲ್ಲಿಗೆ ಬಂತು," ಎಂದಳು ಫುಸಿ.

ಹೆಂಗಸರು ನಕ್ಕರು. ಸಿಯು ಬಿಡಲಿಲ್ಲ. "ನೋಡ್ರೇ, ನಮ್ಮ ದಿಮ್ಮಿಗೆ ಆ ತುದೀಲೊಂದು ಈ ತುದೀಲೊಂದು ಬಾವಲಿ ಜೋತುಬಿದ್ದಿವೆ. ಇವಳ ಗಂಡ ಹೋಗಿ ಎರಡು ವರ್ಷದ ಮೇಲಾಯ್ತು, ವಿಕಾನ ಗಂಡ ಹೋಗಿ ಇನ್ನೂ ಜಾಸ್ತಿ. ಊರೆಲ್ಲ ವರ್ಷಕ್ಕೆ ಸೂತಕದ ಕಪ್ಪು ಬಿಡುತ್ತೆ. ಇವರಿಬ್ಬರು ಬಿಡಲೊಲ್ಲರು."

ದಿಮ್ಮಿಯ ಆ ತುದಿಯಲ್ಲಿದ್ದ ವಿಕಾ ತಲೆ ಎತ್ತದೆ ಸಣ್ಣಗೆ ನಕ್ಕಳು. ಫುಸಿ ತನ್ನ ಕಪ್ಪು ಲಂಗದ ಮೇಲೆ, ಅಲ್ಲಿಯ ರೂಢಿಯಂತೆ, ಸೊಂಟಕ್ಕೆ ಸುತ್ತಿ ಕಟ್ಟಿದ್ದ ಸೂತಕದ ಚಾಪೆಯನ್ನು ಸರಿಮಾಡಿಕೊಂಡಳು.

"ಪ್ರೀತಿ ಇದ್ದೋರು ಬಿಡಲ್ಲ ಬಿಡೇ," ಎಂದಳು ಪಾದ್ರಿಯ ಹೆಂಡತಿ. "ಮೊನ್ನೆ ಪ್ರಾರ್ಥನೇಲಿ ಪಾದ್ರಿಗಳು ಫುಸಿ ಹೆಸರು ಹೇಳಿದ್ರಲ್ಲ, ಕೇಳಿಲ್ವಾ? ಇಂಥ ನಿಷ್ಠೆ ಈಗಿನ ಕಾಲದಲ್ಲಿ ಎಲ್ಲಿದೆ ಅಂತ."

ಫುಸಿ ಕೊಡತಿ ಎತ್ತಿ ಹೊಡೆದಳು. ಗಂಡನನ್ನು ಅವಳು ಪ್ರೀತಿಸಿದ್ದು ನಿಜ. ಆದರೆ ಕಪ್ಪು ಬಿಡದಿರುವುದಕ್ಕೆ ಅದು ಕಾರಣವಾಗಿರಲಿಲ್ಲ. ವರ್ಷ ತುಂಬಿ, ಗೋರಿಯ ಮೇಲೆ ಎಣ್ಣೆ ಹಚ್ಚಿದ ಕರಿಗಲ್ಲುಗಳನ್ನು ಹರಡಿ, ಬಣ್ಣದ ಬಟ್ಟೆ ಉಟ್ಟುಕೊಳ್ಳಬೇಕೆಂದು ಪೆಟ್ಟಿಗೆ ತೆಗೆದ ವಾರವೇ ಅದು ಶುರುವಾಗಿತ್ತು. ಮುಟ್ಟು ನಿಂತು ಎಷ್ಟೋ ವರ್ಷವಾದ ಮೈಯಿಂದ ರಕ್ತ. ಮೊದಲು ಕಲೆ, ಆಮೇಲೆ ಹನಿ, ಆಮೇಲೆ ಕೆಲವು ದಿನ ಮಡಿಸಿಟ್ಟ ಬಟ್ಟೆಯೂ ಸಾಲದ ಹಾಗೆ. ಕಪ್ಪಿನ ಮೇಲೆ ಏನೂ ಕಾಣುವುದಿಲ್ಲ. ಅದರ ಮೇಲೊಂದು ಚಾಪೆ ಕಟ್ಟಿದರೆ ದೇವರಿಗೂ ಕಾಣುವುದಿಲ್ಲ ಎಂದುಕೊಂಡು ಅವಳು ಪೆಟ್ಟಿಗೆಯನ್ನು ಮುಚ್ಚಿಬಿಟ್ಟಿದ್ದಳು.

*

ದ್ವೀಪದಲ್ಲಿ ಆರೋಗ್ಯ ಕೇಂದ್ರ ಇರಲಿಲ್ಲವೆಂದಲ್ಲ. ಇಗರ್ಜಿಯ ಹಿಂದೆಯೇ ಇತ್ತು. ಎರಡು ಕೋಣೆ, ಒಂದು ಮಳೆನೀರಿನ ತೊಟ್ಟಿ. ನರ್ಸು ನ್ಯೂಜಿಲೆಂಡಿಗೆ ಹೋದ ಮೇಲೆ ಆ ಜಾಗಕ್ಕೆ ಇನ್ನೊಬ್ಬಳು ಬಂದಿರಲಿಲ್ಲ. ಆರೋಗ್ಯಾಧಿಕಾರಿ ಒಬ್ಬನೇ ನೋಡಿಕೊಳ್ಳುತ್ತಿದ್ದ. ಅವನು ಮನಾಸೆ, ಫುಸಿಯ ಒಡಹುಟ್ಟಿದ ತಮ್ಮ.

ಬೇರೆ ಕಡೆ ಇದು ಅನುಕೂಲವಾಗುತ್ತಿತ್ತೇನೋ. ಟೋಂಗಾದಲ್ಲಿ ಅಕ್ಕನೆಂದರೆ ತಮ್ಮನಿಗೆ ತಲೆಯ ಮೇಲಿನವಳು. ಮನಾಸೆಯ ಮನೆಯಲ್ಲಿ ಮದುವೆಯಾಗಲಿ ಮಣ್ಣಾಗಲಿ, ಫುಸಿ ಬಂದು ಎತ್ತರದ ಚಾಪೆಯ ಮೇಲೆ ಕೂರದೆ ಏನೂ ನಡೆಯುತ್ತಿರಲಿಲ್ಲ. ಹುಟ್ಟಿದ ಮಕ್ಕಳಿಗೆ ಹೆಸರಿಟ್ಟವಳು ಅವಳೇ. ಆದರೆ ಹರೆಯಕ್ಕೆ ಬಂದಂದಿನಿಂದ ಅಕ್ಕತಮ್ಮ ಒಂದೇ ಮಾಡಿನ ಕೆಳಗೆ ಮಲಗಿದವರಲ್ಲ. ಅಕ್ಕ ಇರುವಲ್ಲಿ ಯಾರಾದರೂ ಮೈಕೈ ಸಂಬಂಧದ ತಮಾಷೆ ಮಾಡಿದರೆ ತಮ್ಮ ಎದ್ದು ಹೊರಗೆ ಹೋಗಬೇಕು. ಅವಳಿಗೆ ನೆಗಡಿಯಾದರೆ ಔಷಧಿ ಹೆಂಡತಿಯ ಕೈಲಿ ಬರುತ್ತಿತ್ತು. ನೆಗಡಿಯ ಮಾತೇ ಹಾಗಿರುವಾಗ ಈ ಮಾತು ಹೇಗೆ ಆಡುವುದು?

ಮೊದಲು ಕಂಡದ್ದು ಮನಾಸೆಯ ಹೆಂಡತಿ ಲೋಸಾಗೆ. ಗಂಡನ ಅಕ್ಕನ ಬಟ್ಟೆ ಒಗೆಯುವುದು ಅವಳ ಪಾಲಿನ ಕೆಲಸ. ಈಚೆಗೆ ಫುಸಿ ತನ್ನ ಬಟ್ಟೆ ತಾನೇ ಒಗೆದುಕೊಳ್ಳುತ್ತೇನೆ ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಲೋಸಾ ಬೇಯಿಸಿದ ಗೆಣಸು ತಂದವಳು, ಫುಸಿ ಮನೆಯ ಹಿಂದೆ ಬಾಳೆಗಿಡಗಳ ಮರೆಯಲ್ಲಿ ಬಟ್ಟೆ ಹಿಂಡುವುದನ್ನು ನೋಡಿದಳು. ಬಕೆಟ್ಟಿನ ನೀರು ಕೆಂಪಾಗಿತ್ತು.

"ಅಕ್ಕ, ಬಣ್ಣ ಚೆಲ್ಕೊಂಡ್ರಾ?"

"ಹೂಂ, ಬಣ್ಣ."

ಲೋಸಾ ಗೆಣಸಿನ ಬುಟ್ಟಿಯನ್ನು ಕೆಳಗಿಟ್ಟು ಹತ್ತಿರ ಬಂದಳು. ತೊಗಟೆಗೆ ಹಚ್ಚುವ ಬಣ್ಣ ಯಾವುದು, ಇದು ಯಾವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಯಾವಾಗಿಂದ ಅಕ್ಕ?"

"ವರ್ಷ ಆಯ್ತು. ಬರುತ್ತೆ, ಹೋಗುತ್ತೆ. ನೋವೇನಿಲ್ಲ. ನಮ್ಮವ್ವನ ಕಾಲದಲ್ಲೂ ಕೆಲವರಿಗೆ ಹಿಂಗೆ ಬರ್ತಿತ್ತಂತೆ. ಮುದಿಮರ ಇನ್ನೊಂದ್ಸಲ ಹೂ ಬಿಡುತ್ತೆ ಅಂತಿದ್ರು."

"ಇದು ಹೂ ಅಲ್ಲ ಅಕ್ಕ. ಮುಖ ನೋಡ್ಕೊಳ್ಳಿ, ಬೂದಿ ಆಗಿದೆ. ನಾನು ಅವರಿಗೆ ಒಂದು ಮಾತು..."

ಫುಸಿ ಹಿಂಡುತ್ತಿದ್ದ ಬಟ್ಟೆಯನ್ನು ಬಿಟ್ಟಳು. "ಯಾರಿಗೆ? ನನ್ನ ತಮ್ಮನಿಗಾ? ಅಕ್ಕನ ಕಾಲ ನಡುವಿನ ಸುದ್ದಿ ತಮ್ಮನ ಕಿವಿಗೆ ಹಾಕ್ತೀಯಾ? ಆಮೇಲೆ ಅವನು ನನ್ನ ಮುಖ ಹೆಂಗೆ ನೋಡ್ತಾನೆ, ನಾನು ಅವನ ಮುಖ ಹೆಂಗೆ ನೋಡಲಿ?"

"ಡಾಕ್ಟರ ಕೆಲಸ ಮಾಡೋರಿಗೆ..."

"ಊರಿಗೆಲ್ಲ ಡಾಕ್ಟರು. ನನಗೆ ತಮ್ಮ." ಅವಳ ದನಿ ಇಳಿಯಿತು. "ಕಲೊಗೆ ದಿನ ತುಂಬ್ತಾ ಇದೆ. ಸೋದರತ್ತೆ ಮನಸ್ಸು ನೋಯಿಸಿದ್ರೆ ಹೆರಿಗೆ ಹೆಂಗಾಗುತ್ತೆ ಅಂತ ನಿನಗೆ ಗೊತ್ತಲ್ಲ ಲೋಸಾ. ನಾನು ಬಾಯಿ ಬಿಟ್ಟು ಏನೂ ಅನ್ನಲ್ಲ. ಅನ್ನೋ ಹಾಗೆ ಮಾಡಬೇಡ."

ಕಲೊ ಲೋಸಾಳ ಒಬ್ಬಳೇ ಮಗಳು, ಚೊಚ್ಚಲ ಬಸುರಿ. ಸೋದರತ್ತೆಯ ಮುನಿಸು ತಟ್ಟಿದರೆ ಮಗು ಅಡ್ಡವಾಗುತ್ತದೆಂದು ದ್ವೀಪದಲ್ಲಿ ನಂಬದವರಿರಲಿಲ್ಲ. ಲೋಸಾ ಬಕೆಟ್ಟಿನ ನೀರನ್ನು ಬಾಳೆಬುಡಕ್ಕೆ ಚೆಲ್ಲಿ, ಬಟ್ಟೆಯನ್ನು ತಾನೇ ಹಿಂಡಿ ಮನೆಗೆ ಹೋದಳು.

*

ಮೇ ತಿಂಗಳ ಮಕ್ಕಳ ಭಾನುವಾರ ಇಗರ್ಜಿಯಲ್ಲಿ ಎಲ್ಲರೂ ಬಿಳಿ ಉಡುತ್ತಾರೆ. ಆ ಒಂದು ದಿನವಾದರೂ ಕಪ್ಪು ತೆಗೆದಿಡು ಎಂದು ಹೆಂಗಸರು ಫುಸಿಯನ್ನು ಬೇಡಿದರು. ಅವಳು ಒಪ್ಪಲಿಲ್ಲ. ಬಿಳಿಯ ಸಾಲುಗಳ ನಡುವೆ ಅವಳೂ ವಿಕಾಳೂ ಎರಡು ಕಪ್ಪು ಮಚ್ಚೆಗಳ ಹಾಗೆ ಕೂತರು. ಪಾದ್ರಿ ತೀರಿಹೋದ ಸೇಲಾಳನ್ನೂ ನೆನೆದರು. ಸೇಲಾ ಫುಸಿಯ ಹಿರಿಯಕ್ಕ. ಅವಳೂ ಗಂಡನಿಗಾಗಿ ಉಟ್ಟ ಕಪ್ಪನ್ನು ತಾನು ಸಾಯುವವರೆಗೆ ಬಿಟ್ಟಿರಲಿಲ್ಲ. "ನಿಷ್ಠೆ ಆ ಮನೆತನದ ರಕ್ತದಲ್ಲೇ ಇದೆ," ಎಂದರು ಪಾದ್ರಿ. ಜನ ಹೌದೆಂದು ತಲೆಯಾಡಿಸಿದರು. ಫುಸಿ ನೆಲ ನೋಡುತ್ತಿದ್ದಳು. ಲೋಸಾ ಹಿಂದಿನ ಸಾಲಿನಲ್ಲಿ ಕಣ್ಣೊರೆಸಿಕೊಂಡಳು. ಉಪದೇಶ ಮನಸ್ಸಿಗೆ ತಟ್ಟಿರಬೇಕೆಂದು ಪಕ್ಕದವಳು ಅವಳ ಕೈ ಅದುಮಿದಳು.

ಅದಾಗಿ ಕೆಲವು ದಿನಕ್ಕೆ ತೊಗಟೆಯ ಹಾಳೆಗಳನ್ನು ಅಂಟಿಸುವ ಕೆಲಸ ಇತ್ತು. ಕಲೊಳ ಮಗುವಿಗೆಂದು ಮಾಡುತ್ತಿದ್ದ ದೊಡ್ಡ ಬಟ್ಟೆ ಅದು. ಫುಸಿ ಅಂಟುಗಂಜಿಯ ಉಂಡೆ ಹಿಡಿದು ಬಗ್ಗಿದವಳು ಏಳಲೇ ಇಲ್ಲ. ಹಾಳೆಯ ಮೇಲೆ ಪಕ್ಕಕ್ಕೆ ವಾಲಿದಳು. ಮೊದಲು ತಮಾಷೆ ಮಾಡಲು ಬಾಯಿ ತೆರೆದ ಸಿಯು, ಬಿಳಿಯ ಹಾಳೆಯ ಮೇಲೆ ಹರಡುತ್ತಿದ್ದ ಕಲೆಯನ್ನು ಕಂಡು ಹಾಗೇ ಮುಚ್ಚಿಕೊಂಡಳು. ಯಾರೂ ಹೇಳದೆಯೇ ತನ್ನ ಮೇಲುಹೊದಿಕೆ ತೆಗೆದು ಫುಸಿಯ ಸೊಂಟದ ಮೇಲೆ ಹಾಕಿದಳು. ಹೆಂಗಸರು ಅವಳನ್ನು ಚಾಪೆಯಲ್ಲಿ ಎತ್ತಿ ಮನೆಗೆ ತಂದು ಮಲಗಿಸಿದರು.

ಮನಾಸೆ ಚೀಲ ಹಿಡಿದು ಓಡಿಬಂದ. ಹೊಸ್ತಿಲವರೆಗೆ ಬಂದು ನಿಂತುಬಿಟ್ಟ. ಅಕ್ಕ ಮಲಗುವ ಮನೆಯೊಳಗೆ ಅವನು ಎಂದೂ ಕಾಲಿಟ್ಟಿರಲಿಲ್ಲ. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ನೆಲದ ಮೇಲೆ. ಏದುಸಿರು ಬಿಡುತ್ತ ಅವನು ಹೆಂಡತಿಯನ್ನು ಕರೆದ.

"ಲೋಸಾ, ಅಕ್ಕನ ಕಣ್ಣಿನ ಕೆಳರೆಪ್ಪೆ ಎಳೆದು ನೋಡು. ಒಳಗೆ ಕೆಂಪಿದೆಯಾ?"

"ಇಲ್ಲ. ಬೆಳ್ಳಗಿದೆ."

"ಉಗುರು?"

"ಅದೂ ಬೆಳ್ಳಗಿದೆ."

"ರಕ್ತ ಎಲ್ಲಿಂದಲೋ ಹೋಗ್ತಿದೆ. ಗಾಯ ಇದೆಯಾ? ವಾಂತಿ? ಕೇಳು."

ಒಳಗೆ ಫುಸಿಗೆ ಎಚ್ಚರ ಬಂದಿತ್ತು. ಅವಳು ಲೋಸಾಳ ಮುಂಗೈಯನ್ನು ಹಿಡಿದುಕೊಂಡಳು. ಆ ಹಿಡಿತದಲ್ಲಿ ಬಲವಿರಲಿಲ್ಲ, ಕಣ್ಣಿನಲ್ಲಿ ಮಾತ್ರ ಇತ್ತು. ಲೋಸಾ ಹೊಸ್ತಿಲ ಕಡೆ ನೋಡಿದಳು, ಚಾಪೆಯ ಕಡೆ ನೋಡಿದಳು. ಆಮೇಲೆ ಫುಸಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಶಾಪ ಹಾಕೋದಿದ್ರೆ ನನಗೆ ಹಾಕಿ ಅಕ್ಕ. ಮಗು ಹೆಸರಲ್ಲಿ ಇಷ್ಟು ದಿನ ಸುಮ್ಮನಿದ್ದೆ. ನೀವೇ ಇಲ್ಲದ ಮೇಲೆ ಆ ಮಗುವಿಗೆ ಹೆಸರು ಇಡೋರು ಯಾರು?" ಎಂದಳು. ಬಾಗಿಲ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು: "ಕೆಳಗಿಂದ ಹೋಗ್ತಿದೆ. ಮುಟ್ಟು ನಿಂತ ಮೇಲೆ. ವರ್ಷದ ಮೇಲಾಯ್ತು."

ಹೊರಗೆ ನಿಂತವನು ಮೆಲ್ಲನೆ ತಿರುಗಿ, ಬಾಗಿಲಿಗೆ ಬೆನ್ನು ಮಾಡಿ ಮೆಟ್ಟಿಲ ಮೇಲೆ ಕೂತ. ಅಂಗಳದಲ್ಲಿ ಸೇರಿದ್ದ ಹೆಂಗಸರಿಗೆ ಅವನ ಮುಖ ಕಾಣುತ್ತಿತ್ತು. ಅವರು ಬೇರೆ ಕಡೆ ನೋಡಿದರು.

"ಹೊಟ್ಟೆ ಮೇಲೆ ಕೈಯಿಟ್ಟು ಒತ್ತು. ನೋಯುತ್ತಾ ಕೇಳು," ಎಂದ ಕೊನೆಗೆ. ದನಿ ಒಡೆದಿತ್ತು. ಅವನು ಕೇಳುತ್ತ ಹೋದ, ಲೋಸಾ ಕೇಳಿ ಹೇಳುತ್ತ ಹೋದಳು. ಎರಡು ಮಾರು ದೂರದಲ್ಲಿದ್ದ ಅಕ್ಕತಮ್ಮಂದಿರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ಪ್ರತಿ ಮಾತೂ ಲೋಸಾಳ ಬಾಯಿಯಿಂದಲೇ ದಾಟಿತು.

"ದೋಣಿ ತಯಾರು ಮಾಡ್ತೀನಿ. ದೊಡ್ಡ ಆಸ್ಪತ್ರೆಗೆ ಇವತ್ತೇ ಹೋಗಬೇಕು ಅಂತ ಹೇಳು." ಎದ್ದವನು ತುಸು ತಡೆದ. "ಈ ವಯಸ್ಸಲ್ಲಿ ಒಂದು ಹನಿ ಕಂಡರೂ ಬಂದು ತೋರಿಸಬೇಕು ಅಂತ ನಾನೇ ಇಗರ್ಜಿ ಅಂಗಳದಲ್ಲಿ ನಿಂತು ಹೇಳಿದ್ದೆ. ಅಕ್ಕ ಬಂದಿರಲಿಲ್ಲ."

"ಬಂದಿದ್ದೆ," ಎಂದಳು ಫುಸಿ ಲೋಸಾಗೆ ಮಾತ್ರ ಕೇಳುವ ಹಾಗೆ. "ಅವನು ಆ ಮಾತು ಶುರು ಮಾಡಿದ ಕೂಡಲೇ ಎದ್ದುಹೋದೆ. ತಮ್ಮನ ಬಾಯಲ್ಲಿ ಅದನ್ನ ಕೇಳಬಾರದಲ್ಲ."

*

ದೊಡ್ಡ ದ್ವೀಪದ ಆಸ್ಪತ್ರೆಯಲ್ಲಿ ಡಾಕ್ಟರ್ ಸಿನೈ ಎಂಬ ಹೆಂಗಸು ಫುಸಿಯನ್ನು ನೋಡಿದರು. ವಯಸ್ಸಿನಲ್ಲಿ ಮಗಳಂತಿದ್ದರು, ಕೈ ಬೆಚ್ಚಗಿತ್ತು. ಸ್ಕ್ಯಾನ್ ಮಾಡಿದ ಮೇಲೆ ಪಕ್ಕದಲ್ಲಿ ಕೂತು ಹೇಳಿದರು.

"ಗರ್ಭಕೋಶದ ಒಳಗೋಡೆಯಿಂದ ಮಾಂಸದ ಮೊಗ್ಗಿನ ಹಾಗೆ ಒಂದು ಬೆಳೆದು ಜೋತುಬಿದ್ದಿದೆ ಅಮ್ಮ. ಪಾಲಿಪ್ ಅಂತೀವಿ. ಸಣ್ಣದಿದ್ರೆ ಎಷ್ಟೋ ಜನಕ್ಕೆ ಗೊತ್ತೂ ಆಗಲ್ಲ. ನಿಮ್ಮದು ಕೋಳಿಮೊಟ್ಟೆಯಷ್ಟಿದೆ."

"ಹೊಟ್ಟೆ ಕೊಯ್ಬೇಕಾ?"

"ಬೇಡ. ಪ್ರಜ್ಞೆ ತಪ್ಪಿಸಿ, ಕೆಳಗಿನ ದಾರಿಯಿಂದಲೇ ಸಣ್ಣ ಕ್ಯಾಮೆರಾ ಕೊಳವೆ ಹಾಕಿ, ನೋಡಿಕೊಂಡು ಬುಡದಿಂದ ಕತ್ತರಿಸಿ ತೆಗಿತೀವಿ. ಮೈ ಮೇಲೆ ಗಾಯ ಇರಲ್ಲ. ತೆಗೆದದ್ದನ್ನ ಪರೀಕ್ಷೆಗೆ ಕಳಿಸ್ತೀವಿ. ಹೆಚ್ಚಿನವು ಏನೂ ಮಾಡಲ್ಲ. ಆದ್ರೆ ಮುಟ್ಟು ನಿಂತ ಮೇಲೆ ರಕ್ತ ಹೋದ್ರೆ, ಒಳಗೆ ಕ್ಯಾನ್ಸರ್ ಅಡಗಿಲ್ಲ ಅಂತ ನೋಡದೆ ಬಿಡೋ ಹಾಗಿಲ್ಲ. ಮೊದಲು ನಿಮಗೆ ರಕ್ತ ಹಾಕಬೇಕು. ಮನೆಯವರು ಯಾರಾದ್ರೂ ಕೊಡ್ತಾರಾ?"

ಫುಸಿ ಉತ್ತರಿಸುವ ಮೊದಲೇ ಬಾಗಿಲಾಚೆಯ ಬೆಂಚಿನಿಂದ ಮನಾಸೆ ಎದ್ದ ಸದ್ದಾಯಿತು. ಅವನು ಒಳಗೆ ಬರಲಿಲ್ಲ. ಪಕ್ಕದ ಕೋಣೆಗೆ ಹೋಗಿ ತೋಳು ಚಾಚಿ ಮಲಗಿದ. ಪರೀಕ್ಷೆಗಳೆಲ್ಲ ಮುಗಿದು, ಸಂಜೆಯ ಹೊತ್ತಿಗೆ ಆ ಚೀಲ ಫುಸಿಯ ತಲೆಯ ಮೇಲೆ ತೂಗುತ್ತಿತ್ತು. ಹೆಸರೆತ್ತಲು ಇಬ್ಬರಿಗೂ ಆಗದ ಅದು, ಒಂದೊಂದೇ ಹನಿಯಾಗಿ ತಮ್ಮನಿಂದ ಅಕ್ಕನೊಳಗೆ ಇಳಿಯಿತು. ಅವಳು ನೋಡುತ್ತ ಮಲಗಿದ್ದಳು.

ಪಾಲಿಪ್ ತೆಗೆದ ಮಾರನೆಯ ದಿನವೇ ಅವಳು ಎದ್ದು ಓಡಾಡಿದಳು. ಪರೀಕ್ಷೆಯ ಉತ್ತರ ಬರಲು ಕೆಲವು ವಾರ ಹಿಡಿಯಿತು. ಅದುವರೆಗೆ ಅಲ್ಲೇ ನೆಂಟರ ಮನೆಯಲ್ಲಿದ್ದಳು. ಕಲೊಗೆ ಹೆಣ್ಣುಮಗು, ಸುಖವಾಗಿ ಹೆರಿಗೆಯಾಯಿತು ಎಂಬ ಸುದ್ದಿ ಅಲ್ಲಿಗೇ ಬಂತು. ಹೆಸರನ್ನು ಸೋದರತ್ತೆ ಬಂದ ಮೇಲೆ ಇಡುವುದಂತೆ.

"ಕ್ಯಾನ್ಸರ್ ಇಲ್ಲ ಅಮ್ಮ," ಎಂದರು ಡಾಕ್ಟರ್ ಸಿನೈ. "ಮತ್ತೆ ರಕ್ತ ಕಂಡ್ರೆ ಮಾತ್ರ ಕೂಡಲೇ ಬರಬೇಕು."

"ಇಷ್ಟೇನಾ?" ಎಂದಳು ಫುಸಿ.

"ಇಷ್ಟೇ."

ಡಾಕ್ಟರಿಗೆ ಅವಳು ನಗುತ್ತಾಳೆ ಅನ್ನಿಸಿತ್ತು. ಅವಳು ಅಳತೊಡಗಿದಳು. ಸಿನೈ ಕುರ್ಚಿ ಹತ್ತಿರ ಎಳೆದುಕೊಂಡರು.

"ನಮ್ಮ ಮನೇಲಿ ಇನ್ಯಾರಿಗಾದ್ರೂ ಹಿಂಗಾಗಿತ್ತಾ ಅಂತ ಮೊದಲ ದಿನ ಕೇಳಿದ್ರಿ. ಇಲ್ಲ ಅಂದೆ," ಎಂದಳು ಫುಸಿ. "ನಮ್ಮಕ್ಕ ಸೇಲಾ. ಕೊರಗಿ ಕೊರಗಿ ಸತ್ತಳು ಅಂದ್ರು. ಹೆಣ ತೊಳೆದವಳು ನಾನೇ. ಚಾಪೆ ಕೆಳಗೆ ಮಡಿಸಿದ ಬಟ್ಟೆಗಳಿದ್ವು. ಒಂದಲ್ಲ ಎರಡಲ್ಲ. ಯಾರ ಕಣ್ಣಿಗೂ ಬೀಳಬಾರದು ಅಂತ ಒಲೆಗೆ ಹಾಕ್ಬಿಟ್ಟೆ. ಅಕ್ಕನ ಮಾನ ಉಳಿಸ್ದೆ ಅನ್ಕೊಂಡಿದ್ದೆ."

ಡಾಕ್ಟರ್ ಅವಳ ಕೈ ಮೇಲೆ ಕೈಯಿಟ್ಟರು.

"ಅವಳದೂ ಇಷ್ಟೇ ಇತ್ತಾ?"

"ಗೊತ್ತಿಲ್ಲ ಅಮ್ಮ. ನೋಡಿದ್ರೆ ಗೊತ್ತಾಗ್ತಿತ್ತು."

*

ಊರಿಗೆ ಬಂದ ಫುಸಿ ಮೊದಲು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಸೇಲಾ ಎಂದು ಹೆಸರಿಟ್ಟಳು. ಆಮೇಲೆ ಕಪ್ಪು ಬಟ್ಟೆಗಳನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿ, ಹಳದಿ ಹೂವಿನ ಲಂಗ ಉಟ್ಟು ತೊಗಟೆಯ ಚಪ್ಪರಕ್ಕೆ ಹೋದಳು.

"ಬಂದ್ಲು ನೋಡ್ರೇ ಮದುಮಗಳು," ಎಂದಳು ಸಿಯು. ಅವಳ ಕಣ್ಣು ಒದ್ದೆಯಾಗಿತ್ತು. "ಒಂದು ಬಾವಲಿ ಹಾರಿಹೋಯ್ತು."

ಪಾದ್ರಿಯ ಹೆಂಡತಿ ಮಾತ್ರ ಮುಖ ಸಣ್ಣದು ಮಾಡಿಕೊಂಡಳು. "ಇಷ್ಟು ದಿನ ಇಟ್ಟುಕೊಂಡ ವ್ರತ ಬಿಟ್ಯಲ್ಲೇ ಫುಸಿ."

"ಅದು ವ್ರತ ಆಗಿರಲಿಲ್ಲ," ಎಂದಳು ಫುಸಿ. "ರಕ್ತ ಕಾಣದಿರಲಿ ಅಂತ ಉಟ್ಟಿದ್ದೆ. ಪಾದ್ರಿಗಳಿಗೂ ಹೇಳು."

ಕೊಡತಿಗಳು ಒಂದೊಂದಾಗಿ ನಿಂತವು. ಪಾದ್ರಿಯ ಹೆಂಡತಿ ತನ್ನ ಕೈಯನ್ನೇ ನೋಡಿಕೊಳ್ಳುತ್ತ ಕೂತಳು. ಫುಸಿ ತನ್ನ ಹಳೆಯ ಜಾಗದಲ್ಲಿ ಕೂರಲಿಲ್ಲ. ದಿಮ್ಮಿಯ ಆ ತುದಿಗೆ ಹೋಗಿ, ಚಾಪೆಯನ್ನು ಎಳೆದುಕೊಂಡು ವಿಕಾಳ ಪಕ್ಕದಲ್ಲಿ ಕೂತಳು. ವಿಕಾ ತುಂಬ ಇಳಿದುಹೋಗಿದ್ದಳು, ಪಾದ ಊದಿಕೊಂಡಿತ್ತು. ಉಳಿದವರ ಕೆಲಸ ಮತ್ತೆ ಶುರುವಾಗುವವರೆಗೆ ಫುಸಿ ಕಾದಳು. ಆ ಸದ್ದಿನ ಮರೆಯಲ್ಲಿ ಕೇಳಿದಳು.

"ನೀನ್ಯಾಕೆ ಇನ್ನೂ ಕಪ್ಪು ಬಿಟ್ಟಿಲ್ಲ ವಿಕಾ?"

ವಿಕಾಳ ಕೊಡತಿ ಮೇಲೆತ್ತಿದಲ್ಲೇ ನಿಂತಿತು. ಅವಳು ಅದನ್ನು ಮೆಲ್ಲಗೆ ಮಡಿಲಿಗೆ ಇಳಿಸಿಕೊಂಡಳು.

ಮಧ್ಯಾಹ್ನ ಇಬ್ಬರೂ ಕೈ ಹಿಡಿದುಕೊಂಡು ಆರೋಗ್ಯ ಕೇಂದ್ರಕ್ಕೆ ನಡೆದರು. ದಾರಿಯಲ್ಲಿ ವಿಕಾ ಎರಡು ಸಲ ಕೂತು ಸುಧಾರಿಸಿಕೊಂಡಳು. ಅವಳೂ ಮನಾಸೆಯ ಚಿಕ್ಕಮ್ಮನ ಮಗಳು, ಅಂದರೆ ಅವನಿಗೆ ಅಕ್ಕನೇ. ಇವರು ಬರುವುದನ್ನು ಕಂಡ ಮನಾಸೆ ಕುರ್ಚಿಯಿಂದೆದ್ದು ಹೊರಗೆ ಬಂದು, ತೊಟ್ಟಿಯ ಪಕ್ಕದ ಬೆಂಚಿನ ಮೇಲೆ ಸಮುದ್ರದ ಕಡೆ ಮುಖ ಮಾಡಿ ಕೂತ. ವಿಕಾ ಒಳಗಿನ ಮಂಚದ ಮೇಲೆ ಕೂತಳು.

"ಲೋಸಾನ ಕರೀತೀನಿ," ಎಂದ ಮನಾಸೆ ತಿರುಗದೆ.

"ಬೇಡ," ಎಂದಳು ಫುಸಿ.

ಅವಳು ಕಿಟಕಿಯ ಹತ್ತಿರ ಬಂದು ನಿಂತಳು. ತಮ್ಮನ ಬೆನ್ನು ಕಾಣುತ್ತಿತ್ತು. ಅಂಗಿಯ ಕೊರಳಪಟ್ಟಿಯ ಮೇಲೆ ಕೂದಲು ನರೆತಿತ್ತು. ಯಾವಾಗ ನರೆಯಿತೋ ಅವಳು ನೋಡಿಯೇ ಇರಲಿಲ್ಲ. ಅವಳು ಕಿಟಕಿಯ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ತಮ್ಮಾ," ಎಂದಳು. "ವಿಕಾಗೆ ರಕ್ತ ಹೋಗ್ತಾ ಇದೆ."

ಮನಾಸೆಯ ಬೆನ್ನು ಒಮ್ಮೆ ಸೆಟೆದು, ಮೆಲ್ಲನೆ ಸಡಿಲಾಯಿತು. ದಿಬ್ಬದ ಆಚೆ ಚಪ್ಪರದಲ್ಲಿ ಕೊಡತಿಗಳ ಸದ್ದು ನಡೆದಿತ್ತು.

"ಯಾವಾಗಿಂದ ಅಕ್ಕ?" ಎಂದು ಕೇಳಿದ ಅವನು.